ತೀರಿಕೊಂಡವರ ಹೆಸರಲ್ಲಿ ವಿಮೆ ಪತ್ರ ಬಂತೇ? ಅಸಲಿಯೋ ನಕಲಿಯೋ ಹೀಗೆ ನೋಡಿ

ಮೂಡಿಗೆರೆ ಕಡೆಯ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ ದೊಡ್ಡಪ್ಪ ತೀರಿಕೊಂಡು ನಾಲ್ಕು ವರ್ಷ ಆಗಿದೆ ಎಂದುಕೊಳ್ಳಿ. ಒಂದು ದಿನ ಅಂಚೆಯಲ್ಲಿ ಲಕೋಟೆ ಬರುತ್ತದೆ. ಅವರ ಹೆಸರಲ್ಲಿ ಜೀವವಿಮೆ ಇತ್ತು, ಹಣ ಬಾಕಿ ಇದೆ, ಕೂಡಲೇ ಸಂಪರ್ಕಿಸಿ. ಮನೆಯಲ್ಲಿ ಎರಡು ಪಕ್ಷ ಆಗಿಬಿಡುತ್ತದೆ. ‘ಇದೆಲ್ಲ ಮೋಸ, ಒಲೆಗೆ ಹಾಕಿ’ ಅನ್ನುವವರು ಒಂದು ಕಡೆ, ‘ಫೋನ್ ಮಾಡಿದರೆ ನಮ್ಮ ಗಂಟೇನು ಹೋಗುತ್ತೆ’ ಅನ್ನುವವರು ಇನ್ನೊಂದು ಕಡೆ. ನನ್ನ ಪ್ರಕಾರ ಇಬ್ಬರ ಮಾತೂ ಕೇಳಬೇಡಿ.

ಒಲೆಗೆ ಯಾಕೆ ಹಾಕಬಾರದೆಂದರೆ ಇಂಥ ಪತ್ರ ನಿಜವೂ ಆಗಿರಬಹುದು. ವಾರಸುದಾರರಿಗೆ ತಲುಪದ 1,000 ರೂಪಾಯಿ ಮತ್ತು ಮೇಲ್ಪಟ್ಟ ಮೊತ್ತವನ್ನು ಹುಡುಕಿ ನೋಡುವ ಸೌಲಭ್ಯವನ್ನು ಪ್ರತಿ ವಿಮಾ ಕಂಪನಿಯೂ ತನ್ನ ವೆಬ್‌ಸೈಟಿನಲ್ಲಿ ಕೊಡಬೇಕು ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ನಿಯಮ. ಹತ್ತು ವರ್ಷ ಯಾರೂ ಕೇಳದ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಹೋದ ಮೇಲೂ 25 ವರ್ಷದೊಳಗೆ ಅದನ್ನು ಕೇಳಿ ಪಡೆಯಬಹುದು.

ಕಂಪನಿಯ ಹೆಸರು ಕೇಳಿಲ್ಲ ಅನ್ನುವುದೂ ಮೋಸದ ಗುರುತಲ್ಲ. ಐಎನ್‌ಜಿ ವೈಶ್ಯ ಲೈಫ್ 2014ರಲ್ಲಿ ಎಕ್ಸೈಡ್ ಲೈಫ್ ಆಯಿತು, 2022ರಲ್ಲಿ ಎಚ್‌ಡಿಎಫ್‌ಸಿ ಲೈಫ್‌ನಲ್ಲಿ ವಿಲೀನವಾಯಿತು. ದೊಡ್ಡಪ್ಪ ಕಂತು ಕಟ್ಟಿದ್ದು ಒಂದು ಹೆಸರಿಗೆ, ಪತ್ರ ಬರುವುದು ಇನ್ನೊಂದು ಹೆಸರಿನಿಂದ.

ಹಾಗೆಯೇ, ಪತ್ರದಲ್ಲಿ ಅವರ ಪೂರ್ತಿ ಹೆಸರು, ಊರು, ತೀರಿಕೊಂಡ ತಾರೀಕು, ಹೆಂಡತಿ ಮಕ್ಕಳ ಹೆಸರು ಎಲ್ಲ ಸರಿಯಾಗಿದೆ ಎಂಬ ಕಾರಣಕ್ಕೇ ಪತ್ರವನ್ನು ನಂಬಿಬಿಡಬೇಡಿ. ಇಷ್ಟೂ ವಿವರವನ್ನು ನಾವೇ ಬಸ್‌ಸ್ಟ್ಯಾಂಡಿನ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ, ವೈಕುಂಠ ಸಮಾರಾಧನೆಯ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಹಂಚಿರುತ್ತೇವೆ. ಅದರ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲೆಲ್ಲಿಗೋ ಹೋಗಿರುತ್ತದೆ.

ಮೊದಲು ಲಕೋಟೆ

ಲಕೋಟೆಯನ್ನು ಹರಿದು ಬಿಸಾಡಬೇಡಿ. ಸ್ಪೀಡ್ ಪೋಸ್ಟ್ ಆಗಿದ್ದರೆ ಬಾರ್‌ಕೋಡ್ ಕೆಳಗೆ 13 ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತದೆ. ಅಂಚೆ ಇಲಾಖೆಯ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಎಲ್ಲಿ ಬುಕ್ ಆಯಿತೆಂದು ಗೊತ್ತಾಗುತ್ತದೆ. ಒಳಗೆ ಒಂದು ಕಚೇರಿಯ ವಿಳಾಸ, ಬುಕ್ ಆದದ್ದು ಸಂಬಂಧವೇ ಇಲ್ಲದ ಇನ್ನೊಂದು ರಾಜ್ಯದಲ್ಲಿ ಎಂದಾದರೆ ಅನುಮಾನ ಪಡಿ. ಆದರೆ ದೊಡ್ಡ ಕಂಪನಿಗಳು ಒಂದೇ ಕಡೆ ಅಚ್ಚು ಮಾಡಿಸಿ ಕಳಿಸುವುದೂ ಉಂಟು, ಹಾಗಾಗಿ ಇದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ಲೆಟರ್‌ಹೆಡ್, ಸೀಲು, ಲಾಂಛನ ನೋಡುತ್ತಾ ಕೂರುವುದಂತೂ ದಂಡ. ಕಲರ್ ಪ್ರಿಂಟರ್ ಇದ್ದರೆ ಅವೆಲ್ಲ ಯಾರಿಗೂ ಸಿಗುತ್ತವೆ.

ಪತ್ರದ ನಂಬರಿಗೆ ಫೋನ್ ಬೇಡ

ಇಡೀ ಪರೀಕ್ಷೆ ನಿಂತಿರುವುದು ಇದರ ಮೇಲೆ. ಪತ್ರದಲ್ಲಿರುವ ಫೋನ್, ಇಮೇಲ್, ಕ್ಯೂಆರ್ ಕೋಡ್ ಯಾವುದನ್ನೂ ಮುಟ್ಟಬೇಡಿ. ಮೋಸದ ಪತ್ರವಾದರೆ ಅಲ್ಲಿ ಫೋನ್ ಎತ್ತುವವನೂ ಅವರ ಕಡೆಯವನೇ, ‘ಹೌದು ಸಾರ್, ನಿಜ’ ಎಂದೇ ಹೇಳುತ್ತಾನೆ. ಪತ್ರದಿಂದ ತೆಗೆದುಕೊಳ್ಳಬೇಕಾದದ್ದು ಎರಡೇ: ಕಂಪನಿಯ ಹೆಸರು ಮತ್ತು ಪಾಲಿಸಿ ನಂಬರು. ಪಾಲಿಸಿ ನಂಬರೇ ಇಲ್ಲದೆ ಬರೀ ‘ಫೈಲ್ ನಂಬರ್’ ಇದ್ದರೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಕ್ಕಿತು.

ಆ ಕಂಪನಿ ನಿಜವಾಗಿ ಇದೆಯೇ ಎಂದು ಪ್ರಾಧಿಕಾರದ ವೆಬ್‌ಸೈಟಿನಲ್ಲಿರುವ ಜೀವವಿಮಾ ಕಂಪನಿಗಳ ಪಟ್ಟಿಯಲ್ಲಿ ನೋಡಿ. ನಂತರ ಕಂಪನಿಯ ವೆಬ್‌ಸೈಟಿನ ವಿಳಾಸವನ್ನು ನೀವೇ ಟೈಪ್ ಮಾಡಿ, ವಾರಸುದಾರರಿಲ್ಲದ ಮೊತ್ತದ ಪುಟಕ್ಕೆ ಹೋಗಿ. ಎಲ್‌ಐಸಿಯಲ್ಲಿ ಪಾಲಿಸಿ ನಂಬರು, ಹೆಸರು, ಹುಟ್ಟಿದ ದಿನಾಂಕ, ಪ್ಯಾನ್ ಹಾಕಿ ಹುಡುಕಬಹುದು. ಅಲ್ಲಿ ಕಾಣಲಿಲ್ಲವೆಂದು ಕೈಬಿಡಬೇಡಿ. ಹಳೆಯ ಪಾಲಿಸಿಗಳಲ್ಲಿ ಹೆಸರಿನ ಸ್ಪೆಲಿಂಗ್, ಇನಿಷಿಯಲ್ ಅದಲುಬದಲಾಗಿರುವುದು ಮಾಮೂಲು.

ಅದಕ್ಕಿಂತ ಗಟ್ಟಿಯಾದ ದಾರಿ ಕಚೇರಿಗೆ ಹೋಗುವುದು. ಎಲ್‌ಐಸಿಯಾದರೆ ಚಿಕ್ಕಮಗಳೂರಿನ ಶಾಖೆಗೆ, ಖಾಸಗಿ ಕಂಪನಿಯಾದರೆ ಅದರ ಶಾಖೆಗೆ ಅಥವಾ ಪಾಲಿಸಿ ಮಾಡಿಸಿದ ಬ್ಯಾಂಕಿಗೆ ಹೋಗಿ. ಮರಣ ಪ್ರಮಾಣಪತ್ರ, ನಿಮ್ಮ ಆಧಾರ್, ಸಂಬಂಧ ತೋರಿಸುವ ದಾಖಲೆ ಜೊತೆಗಿರಲಿ. ಯಾರೋ ಬಂದು ಕೇಳಿದರೆ ಅವರು ವಿವರ ಕೊಡುವುದಿಲ್ಲ, ಕೊಡಲೂಬಾರದು. ಸಾಧ್ಯವಾದರೆ ನಾಮಿನಿಯನ್ನೇ ಕರೆದುಕೊಂಡು ಹೋಗಿ.

ದುಡ್ಡು ಕೇಳಿದರೆ ಅಲ್ಲಿಗೆ ಮುಗಿಯಿತು

ವಿಮೆ ಹಣ ಬಿಡಿಸಲು ಮುಂಗಡ ಕಟ್ಟುವ ಪದ್ಧತಿ ಇಲ್ಲವೇ ಇಲ್ಲ. ಫೈಲ್ ಚಾರ್ಜು, ಜಿಎಸ್‌ಟಿ, ಏಜೆಂಟರ ಕಮಿಷನ್ ಬಿಡುಗಡೆ, ಹೆಸರು ಏನೇ ಇಡಲಿ. ತೆರಿಗೆ ಹಿಡಿಯಬೇಕಾಗಿದ್ದರೂ ಕಂಪನಿ ತಾನೇ ಹಿಡಿದುಕೊಂಡು ಉಳಿದದ್ದನ್ನು ಬ್ಯಾಂಕ್ ಖಾತೆಗೆ ಹಾಕುತ್ತದೆ. ‘ಹೊಸ ಪಾಲಿಸಿ ಮಾಡಿಸಿದರೆ ಹಳೆಯದರ ಹಣ ಬರುತ್ತದೆ’ ಅನ್ನುವುದೂ ಇದೇ ಜಾತಿಯದು. ಪ್ರಾಧಿಕಾರದ ಹೆಸರಲ್ಲೇ ಬೋನಸ್ ಬಂದಿದೆ ಎಂದಿದ್ದರಂತೂ ಓದುವುದೇ ಬೇಡ. ಅದು ಪಾಲಿಸಿ ಮಾರುವುದಿಲ್ಲ, ಬೋನಸ್ ಘೋಷಿಸುವುದಿಲ್ಲ. ಒಟಿಪಿ ಕೇಳಿದರೆ, ಮೊಬೈಲಿಗೆ ಯಾವುದೋ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಟ್ಟುಬಿಡಿ.

ಈಗಾಗಲೇ ಹಣ ಹೋಗಿದ್ದರೆ ಯೋಚಿಸುತ್ತಾ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆಮೇಲೆ ಪತ್ರ, ಲಕೋಟೆ ಹಿಡಿದು ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್) ಠಾಣೆಗೆ ದೂರು ಕೊಡಿ.

ಹೇಗೂ ಹುಡುಕುತ್ತಿದ್ದೀರಿ

ಪತ್ರ ಸುಳ್ಳೆಂದು ಗೊತ್ತಾದರೂ ಹಳೆಯ ಟ್ರಂಕನ್ನು ಒಮ್ಮೆ ಕೆದಕಿ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ (2022ರ ಜೂನ್‌ಗೆ ಮುಂಚೆ 330) ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಇರಬಹುದು. ವಿಮೆ 2 ಲಕ್ಷ, ಕೇಳಬೇಕಾದದ್ದು ಅದೇ ಬ್ಯಾಂಕಿನಲ್ಲಿ. ಎಸ್ಟೇಟಿನಲ್ಲಿ ಪಿಎಫ್ ಇದ್ದು, ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದರೆ ಇಡಿಎಲ್‌ಐ ಎಂಬ ವಿಮೆಯೂ ಇರುತ್ತದೆ. ಗರಿಷ್ಠ 7 ಲಕ್ಷದವರೆಗೆ ಬರುವ ಈ ಹಣಕ್ಕೆ ಕೆಲಸಗಾರ ಒಂದು ಪೈಸೆಯನ್ನೂ ಕಟ್ಟಿರುವುದಿಲ್ಲ, ಅದಕ್ಕೇ ಮನೆಯವರಿಗೆ ಗೊತ್ತಿರುವುದಿಲ್ಲ. ಚಿಕ್ಕಮಗಳೂರಿನ ಪಿಎಫ್ ಕಚೇರಿಯಲ್ಲಿ ವಿಚಾರಿಸಿ. ರಾಜ್ಯ ಸರ್ಕಾರಿ ನೌಕರರಾಗಿದ್ದರೆ ಕೆಜಿಐಡಿಯಲ್ಲಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಕೇಳಿ.

ಪತ್ರ ನಿಜವೇ ಎಂದಾದರೆ ಕ್ಲೇಮ್ ಫಾರಂ, ಮರಣ ಪ್ರಮಾಣಪತ್ರ, ನಾಮಿನಿಯ ಬ್ಯಾಂಕ್ ವಿವರ, ಪಾಲಿಸಿಯ ಮೂಲ ಬಾಂಡ್ ಕೊಡಬೇಕು. ಬಾಂಡ್ ಕಳೆದುಹೋಗಿದ್ದರೆ ಛಾಪಾ ಕಾಗದದ ಮುಚ್ಚಳಿಕೆ ಬೇಕಾಗಬಹುದು, ಒಕ್ಕಣೆಯನ್ನು ಅವರೇ ಕೊಡುತ್ತಾರೆ. ನಾಮಿನಿಯೂ ಇಲ್ಲವೆಂದಾದರೆ ವಾರಸುದಾರಿಕೆಯ ದಾಖಲೆ ಕೇಳುತ್ತಾರೆ, ಅದು ಸ್ವಲ್ಪ ಓಡಾಟದ ಕೆಲಸ. ಕೆಲಸ ತಡವಾದರೆ ಅಥವಾ ಸಬೂಬು ಹೇಳಿದರೆ ಪ್ರಾಧಿಕಾರದ ಸಹಾಯವಾಣಿ 155255ಕ್ಕೆ ಕರೆ ಮಾಡಿ ಇಲ್ಲವೇ ಅದರದ್ದೇ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಮೂಲ ಬಾಂಡ್ ಕೈಬಿಡುವ ಮೊದಲು ಪ್ರತಿ ಪುಟವನ್ನೂ ಜೆರಾಕ್ಸ್ ಮಾಡಿಸಿ, ಕೊಟ್ಟದ್ದಕ್ಕೆ ಸೀಲು-ತಾರೀಕು ಇರುವ ಸ್ವೀಕೃತಿ ಕೇಳಿ ಪಡೆಯಿರಿ.