ಯುವನಿಧಿ ಅರ್ಜಿ ತಿರಸ್ಕೃತವಾದರೆ ಏನು ಮಾಡಬೇಕು?

ಯುವನಿಧಿ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಗರಿಷ್ಠ ಎರಡು ವರ್ಷ. ಅರ್ಜಿ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ. ಮೊಬೈಲ್‌ನಲ್ಲಿ ಆಗದಿದ್ದರೆ ಹುಬ್ಬಳ್ಳಿ-ಧಾರವಾಡದವರು ಕರ್ನಾಟಕ ಒನ್, ಹಳ್ಳಿಯವರು ಗ್ರಾಮ ಒನ್ ಕೇಂದ್ರಕ್ಕೆ ಹೋಗಬಹುದು. ಉನ್ನತ ವ್ಯಾಸಂಗ ಮಾಡುತ್ತಿರುವವರಿಗೆ, ಅಪ್ರೆಂಟಿಸ್ ವೇತನ ಪಡೆಯುವವರಿಗೆ ಇದು ಸಿಗದು.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಅಂಕಪಟ್ಟಿಯಲ್ಲೇ. ನಿಮ್ಮ ಪದವಿ ‘ನ್ಯಾಡ್’ ಎಂಬ ರಾಷ್ಟ್ರೀಯ ಶೈಕ್ಷಣಿಕ ದಾಖಲೆಗಳ ಡಿಜಿಟಲ್ ಭಂಡಾರದಲ್ಲಿ ಇಲ್ಲದಿದ್ದರೆ ಎಷ್ಟು ಸಲ ಅರ್ಜಿ ಹಾಕಿದರೂ ವ್ಯರ್ಥ. ಅದು ಇದೆಯೇ ಎಂದು ಮೊದಲು ಡಿಜಿಲಾಕರ್ ಆ್ಯಪ್ ತೆರೆದು ನೋಡಿ. ಕಾಣದಿದ್ದರೆ ಸೈಬರ್ ಅಂಗಡಿಗೆ ದುಡ್ಡು ಸುರಿಯಬೇಡಿ; ಅದನ್ನು ಏರಿಸಬೇಕಾದದ್ದು ವಿಶ್ವವಿದ್ಯಾಲಯ. ಕರ್ನಾಟಕ ವಿಶ್ವವಿದ್ಯಾಲಯದ (ಕವಿವಿ) ವಿದ್ಯಾರ್ಥಿಗಳು ಧಾರವಾಡದ ಪರೀಕ್ಷಾ ವಿಭಾಗಕ್ಕೆ ನೋಂದಣಿ ಸಂಖ್ಯೆ ಸಮೇತ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಧಾರ್ ಮತ್ತು ಅಂಕಪಟ್ಟಿಯ ಹೆಸರಲ್ಲಿ ಒಂದಕ್ಷರ ವ್ಯತ್ಯಾಸವಿದ್ದರೂ ತೊಂದರೆಯಾಗಬಹುದು.

ಮಂಜೂರಾದರೂ ಹಣ ಬಾರದಿದ್ದರೆ ಬ್ಯಾಂಕಿನಲ್ಲಿ ಆಧಾರ್ ಜೋಡಣೆ ವಿಚಾರಿಸಿ. ‘ನಿರುದ್ಯೋಗಿ’ ಎಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಕೊಡದಿದ್ದರೂ ಹಣ ನಿಲ್ಲುತ್ತದೆ.

ತಿರಸ್ಕಾರ ತಪ್ಪೆನಿಸಿದರೆ ಅರ್ಜಿ ಸಂಖ್ಯೆ, ದಾಖಲೆಗಳ ಪ್ರತಿಯೊಂದಿಗೆ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಲಿಖಿತ ಮನವಿ ಕೊಡಿ. ಕಾರಣ ಹೇಳದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದಲ್ಲಿ ಉತ್ತರಿಸಲೇಬೇಕು.