ಅಮ್ಮ ಇದ್ದಕ್ಕಿದ್ದಂತೆ ತಡವರಿಸಿದರೆ ಉಸಿರು ಎಣಿಸಿ
ನಾನು ಐಸಿಯು ನರ್ಸ್. ಆದರೂ ನಮ್ಮಮ್ಮನಿಗೆ ಮೂತ್ರದ ಸೋಂಕಾದಾಗ ಎಡವಿದೆ. ಸಂಜೆ ನನ್ನನ್ನೇ "ನೀನು ಯಾರಮ್ಮ?" ಅಂದರು. ವಯಸ್ಸಾಯಿತಲ್ವಾ ಅಂತ ಸುಮ್ನಿದ್ದೆ. ಜ್ವರವೂ ಇರಲಿಲ್ಲ ನೋಡಿ. ಇದು ಸೆಪ್ಸಿಸ್ ಇರಬಹುದು ಅಂತ ಹೊಳೆಯಲೇ ಇಲ್ಲ. ಸೆಪ್ಸಿಸ್ ಅಂದರೆ ಸೋಂಕಿಗೆ ದೇಹ ಅತಿಯಾಗಿ ಪ್ರತಿಕ್ರಿಯಿಸಿ ತನ್ನ ಅಂಗಗಳಿಗೇ ಹಾನಿ ಮಾಡಿಕೊಳ್ಳುವ ಸ್ಥಿತಿ.

ಸೆಪ್ಸಿಸ್‌ನಲ್ಲಿ ರಕ್ತನಾಳಗಳು ಸಡಿಲವಾಗಿ ಬಿಪಿ ಇಳಿಯುತ್ತದೆ. ಸಾಮಾನ್ಯವಾಗಿ ಬಿಪಿ ಏರಿಳಿದರೂ ಮಿದುಳು ತನಗೆ ಬರುವ ರಕ್ತವನ್ನು ಸರಿದೂಗಿಸಿಕೊಳ್ಳುತ್ತದೆ. ಸೆಪ್ಸಿಸ್ ಆದಾಗ ಆ ಹಿಡಿತವೂ ತಪ್ಪಬಹುದು. ಜೊತೆಗೆ ಉರಿಯೂತ. ಮಾತು ಅಡ್ಡಾದಿಡ್ಡಿಯಾಗುತ್ತದೆ, ಇಲ್ಲವೇ ಬರೀ ಮಂಪರು.

ಸೋಂಕಿರುವವರು ಹೀಗಾದರೆ ಹೆಸರು, ಊರು, ಇವತ್ತು ಯಾವ ವಾರ ಅಂತ ಕೇಳಿ. ಎದೆ ನೋಡುತ್ತಾ ಪೂರ್ತಿ 1 ನಿಮಿಷ ಉಸಿರು ಎಣಿಸಿ. 22 ಅಥವಾ ಜಾಸ್ತಿ ಬಂದರೆ, ಇಲ್ಲವೇ ಮೇಲಿನ ಬಿಪಿ 100 ಅಥವಾ ಕಡಿಮೆ ಇದ್ದರೆ ಅಪಾಯ. ಬಿಪಿ ಮೆಷಿನ್ ಹುಡುಕುತ್ತಾ ಕೂರಬೇಡಿ. ಗೊಂದಲ ಹೊಸದಾಗಿದ್ದರೆ ಅಷ್ಟೇ ಸಾಕು, 108ಕ್ಕೆ ಫೋನ್ ಮಾಡಿ. "ನಿನ್ನೆ ಚೆನ್ನಾಗಿದ್ದರು, ಸೆಪ್ಸಿಸ್ ಇರಬಹುದಾ?" ಅಂತ ಡಾಕ್ಟರನ್ನು ನೇರವಾಗಿ ಕೇಳಿ.