ಚೀನಾದ ಬ್ಯಾಂಕ್ ಮುಖ್ಯಸ್ಥರ ಪತನದ ಸುದ್ದಿಯನ್ನು ಓದುವ ಬಗೆ: ಲಿಯು ಲಿಯಾನ್‌ಗೆ ಪ್ರಕರಣ

ಚೀನಾದ ದೊಡ್ಡ ಬ್ಯಾಂಕೊಂದರ ಅಧ್ಯಕ್ಷರು ಲಂಚದ ಪ್ರಕರಣದಲ್ಲಿ ಸಿಕ್ಕಿಬಿದ್ದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಹೆಸರು, ಮೊತ್ತ ಮತ್ತು ಶಿಕ್ಷೆಯೊಂದಿಗೆ ಮುಗಿದುಹೋಗುತ್ತದೆ. ಅಷ್ಟನ್ನೇ ಓದಿದರೆ ಒಬ್ಬ ಅಧಿಕಾರಿ ದುರಾಸೆಗೆ ಬಿದ್ದ ಕಥೆಯಷ್ಟೇ ಉಳಿಯುತ್ತದೆ. ಸಾಲ ಮಂಜೂರು ಮಾಡುವ ಅಧಿಕಾರ ಆತನ ಕೈಗೆ ಬಂದದ್ದು ಹೇಗೆ, ಅದರ ಲಾಭ ಯಾರಿಗೆ ಸಿಕ್ಕಿತು ಎಂಬ ಮುಖ್ಯ ಪ್ರಶ್ನೆಗಳು ಏಳುವುದೇ ಇಲ್ಲ. ಇಂತಹ ಸುದ್ದಿಯನ್ನು ಕ್ರಮವಾಗಿ ಓದುವ ಬಗೆಯನ್ನು ಬ್ಯಾಂಕ್ ಆಫ್ ಚೀನಾದ ಮಾಜಿ ಅಧ್ಯಕ್ಷ ಲಿಯು ಲಿಯಾನ್‌ಗೆ (Liu Liange) ಅವರ ಪ್ರಕರಣವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಮೊದಲು ವ್ಯಕ್ತಿಯ ವೃತ್ತಿಜೀವನವನ್ನು ವರ್ಷವಾರು ಬರೆದುಕೊಳ್ಳಿ. 1961ರಲ್ಲಿ ಜನಿಸಿದ ಲಿಯು ಚೀನಾದ ಕೇಂದ್ರ ಬ್ಯಾಂಕಾದ ಪೀಪಲ್ಸ್ ಬ್ಯಾಂಕ್ ಆಫ್ ಚೀನಾದಲ್ಲಿ ಬೆಳೆದವರು. ಅಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ವಿಭಾಗದ ಮುಖ್ಯಸ್ಥರೂ ಆಗಿದ್ದ ಅವರು 2007ರಲ್ಲಿ ಸರ್ಕಾರಿ ಸ್ವಾಮ್ಯದ ರಫ್ತು–ಆಮದು ಬ್ಯಾಂಕಿಗೆ ಬಂದು, 2015ರಲ್ಲಿ ಅದರ ಪ್ರೆಸಿಡೆಂಟ್ (ದಿನನಿತ್ಯದ ಆಡಳಿತದ ಮುಖ್ಯಸ್ಥ) ಆದರು. 2018ರಲ್ಲಿ ಬ್ಯಾಂಕ್ ಆಫ್ ಚೀನಾಕ್ಕೆ ಪ್ರೆಸಿಡೆಂಟ್ ಆಗಿ ಬಂದವರು 2019ರ ಜುಲೈನಲ್ಲಿ ಅದಕ್ಕೂ ಮೇಲಿನ ಅಧ್ಯಕ್ಷ (ಚೇರ್ಮನ್) ಪದವಿಗೇರಿದರು. ಹೀಗೆ ಬರೆದುಕೊಂಡಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಮೊದಲ ಹಂತದಲ್ಲಿ ಅವರ ಕೈಯಲ್ಲಿದ್ದದ್ದು ಮೇಲ್ವಿಚಾರಣೆಯ ಅಧಿಕಾರ, 2007ರ ನಂತರ ಬಂದದ್ದು ಸಾಲ ಕೊಡುವ ಅಧಿಕಾರ. ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡ ಲಂಚವೂ ಈ ಎರಡನೆಯ ಹಂತಕ್ಕೇ ಸೇರಿದ್ದು.

ಇಂತಹ ಹುದ್ದೆಗಳಿಗೆ ಜನರನ್ನು ಆರಿಸುವುದರಲ್ಲಿ ಕೊನೆಯ ಮಾತು ಷೇರುದಾರರದ್ದಲ್ಲ, ಕಮ್ಯುನಿಸ್ಟ್ ಪಕ್ಷದ್ದು. ಬ್ಯಾಂಕ್ ಹಾಂಗ್‌ಕಾಂಗ್ ಮತ್ತು ಶಾಂಘೈ ಷೇರುಪೇಟೆಗಳಲ್ಲಿ ನೋಂದಾಯಿತವಾಗಿದ್ದರೂ ಅದರ ಅಧ್ಯಕ್ಷರು ಬ್ಯಾಂಕಿನೊಳಗಿನ ಪಕ್ಷ ಸಮಿತಿಯ ಕಾರ್ಯದರ್ಶಿಯೂ ಆಗಿರುತ್ತಾರೆ. ಪತನವೂ ಇದೇ ದಾರಿಯಲ್ಲಿ, ಪಕ್ಷದಿಂದ ಆರಂಭವಾಗಿ ನ್ಯಾಯಾಲಯದಲ್ಲಿ ಮುಗಿಯುತ್ತದೆ.

ಆದ್ದರಿಂದ ಎರಡನೆಯ ಕೆಲಸವೆಂದರೆ ಪ್ರಕಟಣೆಗಳ ದಿನಾಂಕಗಳನ್ನು ಸಾಲಾಗಿ ಜೋಡಿಸುವುದು. ಲಿಯು 2023ರ ಮಾರ್ಚ್ ಮಧ್ಯದಲ್ಲಿ ರಾಜೀನಾಮೆ ಕೊಟ್ಟರು. ಮಾರ್ಚ್ 31ರಂದು ಪಕ್ಷದ ಕೇಂದ್ರೀಯ ಶಿಸ್ತು ಪರಿಶೀಲನಾ ಆಯೋಗವು ಅವರ ವಿರುದ್ಧ ತನಿಖೆ ನಡೆಯುತ್ತಿದೆಯೆಂದು ಒಂದೆರಡು ಸಾಲಿನಲ್ಲಿ ಪ್ರಕಟಿಸಿತು. ಅಕ್ಟೋಬರ್ 7ರಂದು ಪಕ್ಷದಿಂದ ಉಚ್ಚಾಟನೆಯಾಯಿತು, ಅದೇ ತಿಂಗಳು ವಿಧಿವತ್ತಾದ ಬಂಧನವಾಯಿತು. ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನ ಆ ಮೌನವನ್ನು ಓದುಗರು ಗಮನಿಸಲೇಬೇಕು. ಸರ್ಕಾರಿ ಅಧಿಕಾರಿಗಳ ಮೇಲೆ ನಿಗಾ ಇಡುವ 2018ರ ಮೇಲ್ವಿಚಾರಣಾ ಕಾನೂನು ‘ಲಿಯುಝಿ’ ಎಂಬ ಸೆರೆಗೆ ಅವಕಾಶ ಕೊಟ್ಟಿತ್ತು. ಅದರಂತೆ ಮೂರು ತಿಂಗಳು, ಬೇಕಾದರೆ ಇನ್ನೂ ಮೂರು ತಿಂಗಳು, ವಕೀಲರ ಭೇಟಿಗೂ ಎಡೆಯಿಲ್ಲದೆ ವ್ಯಕ್ತಿಯನ್ನು ಇರಿಸಿಕೊಂಡು ವಿಚಾರಣೆ ನಡೆಸಬಹುದಾಗಿತ್ತು. ನಮ್ಮಲ್ಲಿ ಬಂಧನವಾದ ಮರುದಿನವೇ ಜಾಮೀನು ಅರ್ಜಿಯ ಮಾತು ಬರುತ್ತದೆ. ಅಲ್ಲಿ ಇಂತಹ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರುವ ಹೊತ್ತಿಗೆ ಆರೋಪಿ ತಪ್ಪೊಪ್ಪಿಕೊಂಡಿರುವುದೇ ಹೆಚ್ಚು. 2024ರ ಏಪ್ರಿಲ್‌ನಲ್ಲಿ ಶಾನ್‌ಡಾಂಗ್ ಪ್ರಾಂತ್ಯದ ಜಿನಾನ್ ನ್ಯಾಯಾಲಯದಲ್ಲಿ ವಿಚಾರಣೆ ನಡೆದಾಗ ಲಿಯು ಕೂಡ ತಪ್ಪೊಪ್ಪಿಕೊಂಡರು. ತಪ್ಪೊಪ್ಪಿಗೆಯನ್ನು ತೂಗುವಾಗ ಈ ಹಿನ್ನೆಲೆಯನ್ನು ಮರೆಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ದಾಖಲೆಗಳಲ್ಲಿ ಹೆಚ್ಚು ಹೊತ್ತು ಕೊಟ್ಟು ಓದಬೇಕಾದದ್ದು ಉಚ್ಚಾಟನೆಯ ಪ್ರಕಟಣೆ. ಲಿಯು ಮೇಲಿನ ಪ್ರಕಟಣೆಯಲ್ಲಿ ಪಕ್ಷನಿಷ್ಠೆ ಕಳೆದುಕೊಂಡದ್ದು, ನಿಷೇಧಿತ ಪುಸ್ತಕಗಳನ್ನು ದೇಶದೊಳಗೆ ತಂದದ್ದು, ಖಾಸಗಿ ಕ್ಲಬ್ಬುಗಳಿಗೂ ಸ್ಕೀಯಿಂಗ್ ತಾಣಗಳಿಗೂ ಹೋದದ್ದು, ನಿಯಮ ಮೀರಿ ಸಾಲ ಕೊಟ್ಟದ್ದು, ಲಂಚ ಪಡೆದದ್ದು ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ಇವುಗಳನ್ನು ಎರಡು ಭಾಗ ಮಾಡಿಕೊಳ್ಳಿ: ಪಕ್ಷದ ಶಿಸ್ತಿಗೆ ಸಂಬಂಧಿಸಿದವು ಒಂದು ಕಡೆ, ಕಾನೂನಿನ ಪ್ರಕಾರ ಅಪರಾಧವಾದವು ಇನ್ನೊಂದು ಕಡೆ. ನ್ಯಾಯಾಲಯದವರೆಗೆ ಹೋದದ್ದು ಲಂಚ ಮತ್ತು ಅಕ್ರಮ ಸಾಲ, ಇವೆರಡೇ. ನಿಷೇಧಿತ ಪುಸ್ತಕಗಳ ಮಾತು ತೀರ್ಪಿನ ಅಪರಾಧಗಳಲ್ಲಿ ಇಲ್ಲ.

ಮೊತ್ತಗಳನ್ನು ನಮ್ಮ ಲೆಕ್ಕಕ್ಕೆ ತಂದುಕೊಳ್ಳುವುದು ಮುಂದಿನ ಕೆಲಸ. 2024ರ ನವೆಂಬರ್ 26ರ ತೀರ್ಪಿನಂತೆ ಲಂಚ 12.1 ಕೋಟಿ ಯುವಾನ್‌ಗೂ ಹೆಚ್ಚು, ಅಂದರೆ ಆಗಿನ ದರದಲ್ಲಿ ಸುಮಾರು 140 ಕೋಟಿ ರೂಪಾಯಿ. ನಿಯಮ ಮೀರಿ ಕೊಟ್ಟ ಸಾಲ 332 ಕೋಟಿ ಯುವಾನ್‌ಗೂ ಮಿಕ್ಕಿದ್ದು, ಅದರಲ್ಲಿ ಅಸಲಿನ ನಷ್ಟ 19 ಕೋಟಿ ಯುವಾನ್‌ಗೂ ಹೆಚ್ಚು. ತಲೆಬರಹಕ್ಕೆ ಬರುವುದು ಲಂಚದ ಮೊತ್ತವಾದರೂ ಬ್ಯಾಂಕಿನ ದೃಷ್ಟಿಯಿಂದ ದೊಡ್ಡದು ಸಾಲದ ಮೊತ್ತ.

ಶಿಕ್ಷೆಯ ವಿಷಯದಲ್ಲಿ ಎಚ್ಚರ ಬೇಕು. ಲಿಯು ಅವರಿಗೆ ಆದದ್ದು ಎರಡು ವರ್ಷ ತಡೆಹಿಡಿದ ಮರಣದಂಡನೆ. ಆ ಅವಧಿಯಲ್ಲಿ ಉದ್ದೇಶಪೂರ್ವಕ ಅಪರಾಧ ಮಾಡದಿದ್ದರೆ ಅದು ಸಾಮಾನ್ಯವಾಗಿ ಜೀವಾವಧಿಯಾಗುತ್ತದೆ. ವಸೂಲಾಗದ ಸಾಲಗಳನ್ನು ನಿರ್ವಹಿಸುವ ಸರ್ಕಾರಿ ಸ್ವಾಮ್ಯದ ಹುವಾರಾಂಗ್ ಸಂಸ್ಥೆಯ ಮಾಜಿ ಅಧ್ಯಕ್ಷ ಲೈ ಶಿಯಾವೊಮಿನ್ ಅವರಿಗೆ ಈ ತಡೆ ಸಿಗಲಿಲ್ಲ: ಸುಮಾರು 179 ಕೋಟಿ ಯುವಾನ್ ಲಂಚದ ಪ್ರಕರಣದಲ್ಲಿ 2021ರ ಜನವರಿ 5ರಂದು ತೀರ್ಪು ಬಂದು, ಅದೇ ತಿಂಗಳ 29ರಂದು ಮರಣದಂಡನೆ ಜಾರಿಯಾಯಿತು. ಎರಡೂ ಸುದ್ದಿಗಳನ್ನು ‘ಮರಣದಂಡನೆ’ ಎಂಬ ಒಂದೇ ಶೀರ್ಷಿಕೆಯಡಿ ಬರೆಯುವುದು ತಪ್ಪು.

ಕೊನೆಗೆ, ದಾಖಲೆಗಳು ಹೇಳದೆ ಬಿಟ್ಟದ್ದನ್ನು ಹುಡುಕಿ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ (ಮುಂದೆ ಪಡೆಯುವ ಸರಕಿಗೆ ಈಗಲೇ ನಿಗದಿಯಾಗುವ ಬೆಲೆ) ಬ್ಯಾರೆಲ್‌ಗೆ ಶೂನ್ಯಕ್ಕಿಂತ 37.63 ಡಾಲರ್ ಕೆಳಗಿಳಿದಾಗ, ಬ್ಯಾಂಕ್ ಆಫ್ ಚೀನಾ ಸಾಮಾನ್ಯ ಗ್ರಾಹಕರಿಗೆ ಮಾರಿದ್ದ ತೈಲ ಹೂಡಿಕೆ ಯೋಜನೆಯಲ್ಲಿ ಹಣ ತೊಡಗಿಸಿದ್ದವರು ಹಾಕಿದ್ದನ್ನು ಕಳೆದುಕೊಂಡದ್ದಲ್ಲದೆ ಬ್ಯಾಂಕಿಗೇ ಬಾಕಿದಾರರಾದರು. ಆಗ ಅಧ್ಯಕ್ಷರಾಗಿದ್ದವರು ಲಿಯು. ನಿಯಂತ್ರಕರು ಆ ವರ್ಷದ ಡಿಸೆಂಬರ್‌ನಲ್ಲಿ ಬ್ಯಾಂಕಿಗೆ 5.05 ಕೋಟಿ ಯುವಾನ್ ದಂಡ ಹಾಕಿದರು. ಆದರೆ ಲಿಯು ಮೇಲಿನ ಶಿಕ್ಷೆಗೆ ಕಾರಣವಾದ ಅಪರಾಧಗಳಲ್ಲಿ ಇದು ಸೇರಿಲ್ಲ. ಜನರಿಗೆ ಆದ ಹಾನಿಯೂ ಅಧಿಕಾರಿಗೆ ಆದ ಶಿಕ್ಷೆಯೂ ಬೇರೆ ಬೇರೆ ಲೆಕ್ಕಗಳೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ಇನ್ನೂ ದೊಡ್ಡ ಕೊರತೆಯೆಂದರೆ ಸಾಲ ಪಡೆದವರ ಹೆಸರು. ತೀರ್ಪಿನ ಅಧಿಕೃತ ಪ್ರಕಟಣೆಯಲ್ಲಿ ಲಂಚ ಕೊಟ್ಟವರನ್ನು ‘ಸಂಬಂಧಪಟ್ಟ ಸಂಸ್ಥೆಗಳು ಮತ್ತು ವ್ಯಕ್ತಿಗಳು’ ಎನ್ನುವ ರೂಢಿಯ ಮಾತಿನಲ್ಲೇ ಮುಗಿಸಲಾಗುತ್ತದೆ. ಈ ಹೆಸರುಗಳನ್ನು ಅರಸುವವರು ಬ್ಯಾಂಕಿನ ವಾರ್ಷಿಕ ವರದಿಗಳಲ್ಲಿ ವಸೂಲಾಗದ ಸಾಲಗಳ ಪಟ್ಟಿಯನ್ನು ಉದ್ಯಮವಾರು ನೋಡಬೇಕು, ಆ ವರ್ಷಗಳಲ್ಲಿ ದಿವಾಳಿಯಾದ ದೊಡ್ಡ ಕಂಪನಿಗಳಿಗೆ ಸಾಲ ಕೊಟ್ಟವರ ಪಟ್ಟಿಯೊಂದಿಗೆ ಅದನ್ನು ತಾಳೆ ನೋಡಬೇಕು, ಮತ್ತು ಹೆಸರು ಖಚಿತವಾಗುವವರೆಗೆ ಯಾರನ್ನೂ ಲಂಚ ಕೊಟ್ಟವರೆಂದು ಬರೆಯಬಾರದು.